ಡ್ರೋನ್ ಬೇಕೆನ್ನುವ ಮಗಳು

ಸಹೋದರಿ, ರಜೆ ಬಂತೆಂದರೆ ಮಕ್ಕಳ ಬೇಡಿಕೆಗಳ ಪಟ್ಟಿ ಬೆಳೆಯುವುದು ನಿಮಗೂ ಗೊತ್ತು. ಈ ಸಲ ಒಂಬತ್ತನೇ ತರಗತಿಯಲ್ಲಿರುವ ನನ್ನ ತಂಗಿಯ ಮಗಳು ಬಂದು, "ಖಾಲಾ, ನೀವೇ ಅಮ್ಮಿಗೆ ಹೇಳಿ, ನನಗೆ ರೇಸಿಂಗ್ ಡ್ರೋನ್ ಬೇಕು" ಎಂದಳು. "ಹುಡುಗಿಗೆ ಅದೆಲ್ಲ ಯಾಕೆ? ಅವಳ ಅಣ್ಣ ಕೇಳಿದ್ದರೆ ಆ ಮಾತು ಬೇರೆ" ಎಂದು ತಂಗಿ ಅಡುಗೆ ಮನೆಯಿಂದಲೇ ಕೂಗಿದಳು. ಅಣ್ಣನಿಗೆ ಅದರ ಗೊಡವೆಯೇ ಬೇಡವಾಗಿತ್ತು!

2018ರಲ್ಲಿ ಚೀನಾದ ಶೆಂಝೆನ್‌ನಲ್ಲಿ ನಡೆದ ವಿಶ್ವ ಡ್ರೋನ್ ರೇಸಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದದ್ದು ಥಾಯ್ಲೆಂಡಿನ ವನ್ರಾಯಾ ವನ್ನಪೋಂಗ್. ಆಗ ಅವಳ ವಯಸ್ಸು 11. ಇದಕ್ಕೆ ಬೇಕಾದುದು ತೋಳಿನ ಬಲವಲ್ಲ, ಬೆರಳಿನ ಹದ. ಇಷ್ಟು ಹೇಳಿದ ಮೇಲೆ ತಂಗಿ ಸುಮ್ಮನಾದಳು, ಒಪ್ಪಲಿಲ್ಲ.

ಮದುವೆ ಮನೆಯಲ್ಲಿ ಚಿತ್ರ ತೆಗೆಯುವ ಡ್ರೋನ್ ಅನ್ನು ನೀವು ನೋಡಿರುತ್ತೀರಿ. ಕೈಬಿಟ್ಟರೆ ಅದು ಗಾಳಿಯಲ್ಲಿ ತಾನೇ ನಿಲ್ಲುತ್ತದೆ. ರೇಸಿಂಗ್ ಡ್ರೋನ್ ಹಾಗಲ್ಲ. ವಾಲಿಸಿದ ಕಡೆಗೇ ವಾಲಿಕೊಂಡು ಹೋಗುತ್ತದೆ, ನೇರ ಮಾಡುವುದೂ ನಮ್ಮದೇ ಕೆಲಸ. ಅದರ ಮುಂಭಾಗದ ಕ್ಯಾಮೆರಾ ಕಂಡದ್ದನ್ನು ಹಾರಿಸುವವರು ಕಣ್ಣಿಗೆ ಕಟ್ಟಿಕೊಂಡ ಕನ್ನಡಕದಲ್ಲಿ ನೋಡುತ್ತಾರೆ. ವೇಗ ಗಂಟೆಗೆ 100 ಕಿ.ಮೀ. ದಾಟುತ್ತದೆ. ಬ್ಯಾಟರಿ ಬಾಳುವುದು ಕೆಲವೇ ನಿಮಿಷ.

ಹಾಗಾಗಿ ಮೊದಲು ಡ್ರೋನ್ ಕೊಡಿಸಬೇಡಿ. ಅದನ್ನು ನಡೆಸುವ ಒಳ್ಳೆಯ ರಿಮೋಟ್ ಒಂದನ್ನೇ ಕೊಡಿಸಿ. ಅದನ್ನು ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ, ಸಿಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಪರದೆಯ ಮೇಲೆ ಹಾರಿಸಿ ಕಲಿಯಬಹುದು. ನಾನೂ ಕುಳಿತು ನೋಡಿದೆ. ಮರಕ್ಕೆ, ಗೋಡೆಗೆ, ನೆಲಕ್ಕೆ ಎಷ್ಟು ಸಲ ಬಡಿದೆನೋ ಲೆಕ್ಕವಿಲ್ಲ. ಏರಿಳಿತ ನಿಯಂತ್ರಿಸುವ ಎಡಗಡ್ಡಿಯೇ ಎಲ್ಲಕ್ಕಿಂತ ಕಷ್ಟ. ಕೂದಲೆಳೆಯಷ್ಟು ಹೆಚ್ಚಾದರೆ ಆಕಾಶಕ್ಕೆ, ಕಡಿಮೆಯಾದರೆ ನೆಲಕ್ಕೆ. ನಿಜವಾದ ಡ್ರೋನ್ ಆಗಿದ್ದರೆ ತಂಗಿಯ ಗಂಡನ ಒಂದು ತಿಂಗಳ ಸಂಬಳ ಅಲ್ಲೇ ಮುಗಿಯುತ್ತಿತ್ತು.

ಪರದೆಯಲ್ಲಿ ಕೈ ಕುದುರಿದ ಮೇಲೆ, ಅಂಗೈಯಲ್ಲಿ ಹಿಡಿಸುವ, 30 ಗ್ರಾಂ ಆಸುಪಾಸಿನ ಪುಟ್ಟ ಡ್ರೋನ್ ಸಾಕು. ಅದರ ರೆಕ್ಕೆಗಳ ಸುತ್ತ ಬಳೆಯಂತಹ ರಕ್ಷಣೆ ಇರುತ್ತದೆ, ಹಾಲ್‌ನಲ್ಲೇ ಹಾರಿಸಬಹುದು. ದೊಡ್ಡದರ ರೆಕ್ಕೆಗೆ ಆ ರಕ್ಷಣೆ ಇರುವುದಿಲ್ಲ, ಬೆರಳು ಸಿಕ್ಕರೆ ಆಳವಾಗಿ ಸೀಳುತ್ತದೆ. ಮನೆಯೊಳಗೆ ದೊಡ್ಡದನ್ನು ಪರೀಕ್ಷಿಸುವಾಗ ರೆಕ್ಕೆ ಕಳಚಿಟ್ಟ ಮೇಲೆಯೇ ಬ್ಯಾಟರಿ ಜೋಡಿಸಬೇಕು. ವಿದೇಶದಿಂದ ತರಿಸುವ ಆಲೋಚನೆ ಇದ್ದರೆ ಬಿಡಿ. ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದೆ. ಬಿಡಿಭಾಗಗಳಿಗೆ ಆ ನಿಷೇಧವಿಲ್ಲ.

ಮನೆಯ ಹೆಣ್ಣುಮಕ್ಕಳು ಮುಖ್ಯವಾಗಿ ಗಮನಿಸಬೇಕಾದುದು ಬ್ಯಾಟರಿ. ಇದು ಲಿಥಿಯಂ ಪಾಲಿಮರ್ ಬ್ಯಾಟರಿ, ಮೃದುವಾದ ಪೊಟ್ಟಣದಂತಿರುತ್ತದೆ. ಚುಚ್ಚಿದರೆ, ಅತಿಯಾಗಿ ಚಾರ್ಜ್ ಆದರೆ ಬೆಂಕಿ ಹತ್ತಬಹುದು. ರಾತ್ರಿ ಚಾರ್ಜಿಗಿಟ್ಟು ಮಲಗುವ ಅಭ್ಯಾಸ ಇಲ್ಲಿ ನಡೆಯದು. ಹಾಸಿಗೆ, ಪರದೆಗಳಿಂದ ದೂರ, ಬರಿಯ ಟೈಲ್ಸ್ ನೆಲದ ಮೇಲೆ, ಅದಕ್ಕೆಂದೇ ಇರುವ ಚಾರ್ಜರಿನಲ್ಲಿ, ಯಾರಾದರೂ ಎಚ್ಚರವಿದ್ದು ನೋಡಿಕೊಳ್ಳುವಾಗ ಮಾತ್ರ. ಉಬ್ಬಿಕೊಂಡ ಬ್ಯಾಟರಿ ಎಷ್ಟೇ ದುಬಾರಿಯಾಗಿದ್ದರೂ ಮತ್ತೆ ಬಳಸಬಾರದು. ಗ್ಯಾಸ್ ರೆಗ್ಯುಲೇಟರ್ ಆರಿಸಿದೆಯೇ ಎಂದು ಎರಡು ಸಲ ನೋಡುವ ನಮಗೆ ಈ ಕಟ್ಟುನಿಟ್ಟು ಹೊಸದೇನಲ್ಲ.

ಹೊರಗೆ ಹಾರಿಸುವಾಗ ಕನ್ನಡಕ ಕಟ್ಟಿದವರಿಗೆ ಪಕ್ಕದಲ್ಲಿ ಬರುವ ಮಗು, ದನ ಯಾವುದೂ ಕಾಣದು. ಬರಿಗಣ್ಣಿನಿಂದ ಡ್ರೋನ್ ನೋಡುತ್ತಾ "ನಿಲ್ಲಿಸು" ಎನ್ನಲು ಒಬ್ಬರು ಪಕ್ಕದಲ್ಲಿರಲೇಬೇಕು. ಜಾಗವೂ ಮುಖ್ಯ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಅನುಮತಿಯಿಲ್ಲದೆ ಕೆಂಪು ವಲಯದಲ್ಲಿ ಹಾರಿಸುವಂತಿಲ್ಲ. ಊರಾಚೆಯ ಬಯಲೇ ಲೇಸು. ನೆರೆಮನೆಯ ಮಹಡಿಯಲ್ಲಿ ಹೆಂಗಸರು ಬಟ್ಟೆ ಒಣಗಿಸುವ ಹೊತ್ತಿಗೆ ಮೇಲೊಂದು ಕ್ಯಾಮೆರಾ ಸುಳಿದರೆ ನಿಮಗೆ ಹೇಗಾದೀತು? ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿ. ಗಂಡುಮಕ್ಕಳಿಗಂತೂ ಎರಡು ಸಲ ಹೇಳಿ.

ಕಳೆದ ಭಾನುವಾರ ತಂಗಿಯ ಮನೆಗೆ ಹೋಗಿದ್ದೆ. ಊಟದ ಎರಡು ಕುರ್ಚಿಗಳ ನಡುವೆ ಆ ಪುಟ್ಟ ಡ್ರೋನ್ ಗುಂಯ್‌ಗುಟ್ಟುತ್ತಾ ನುಗ್ಗಿ, ಕಿಟಕಿಯ ಪರದೆಗೆ ಸಿಕ್ಕಿ ಬಿತ್ತು. ತಂಗಿ ಅದನ್ನು ಬಿಡಿಸಿ ಮಗಳ ಕೈಗೆ ಕೊಟ್ಟು, ಪರದೆಯನ್ನು ಮೇಲಕ್ಕೆ ಕಟ್ಟಿ, "ಕುರ್ಚಿ ಸ್ವಲ್ಪ ಈ ಕಡೆ ಸರಿಸಲೇನೇ?" ಎಂದು ಕೇಳಿದಳು.