ಪಾದ್ರಿಯಾಗಲು ಊರು ಬಿಡಲೇಬೇಕೆ?

1960ರ ದಶಕದ ಆರಂಭದಲ್ಲಿ ಗ್ವಾಟೆಮಾಲಾದಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಪ್ರೆಸ್ಬಿಟೇರಿಯನ್ ಸೆಮಿನರಿಗೆ ಒಂದು ಕಹಿ ಸತ್ಯ ಗೊತ್ತಾಗಿತ್ತು. ಹಳ್ಳಿಯಿಂದ ರಾಜಧಾನಿಗೆ ಓದಲು ಬಂದ ಅನೇಕ ಹುಡುಗರು ಮತ್ತೆ ಹಳ್ಳಿಯ ಕಡೆ ತಲೆ ಹಾಕುತ್ತಿರಲಿಲ್ಲ. ಇತ್ತ, ಹಳ್ಳಿಯ ಕ್ರೈಸ್ತ ಸಭೆಗಳನ್ನು ನಿಜಕ್ಕೂ ನಡೆಸುತ್ತಿದ್ದ ರೈತರು, ಅಂಗಡಿಯವರು ಹೆಂಡತಿ ಮಕ್ಕಳನ್ನು ಬಿಟ್ಟು ಹಾಸ್ಟೆಲ್ ಸೇರುವಂತಿರಲಿಲ್ಲ.

ಸೆಮಿನರಿಯೇ ಅವರ ಬಳಿಗೆ ಹೋಗಲಿ ಎಂದು 1963ರಲ್ಲಿ ಹೊರಟವರು ಅಮೆರಿಕದ ಮಿಷನರಿಗಳಾದ ರಾಲ್ಫ್ ವಿಂಟರ್ ಮತ್ತು ಜೇಮ್ಸ್ ಎಮೆರಿ. ಆಮೇಲೆ ರಾಸ್ ಕಿನ್ಸ್ಲರ್ ಕೂಡಿಕೊಂಡರು. ಮನೆಯಲ್ಲೇ ಓದುವ ಪಾಠಪುಸ್ತಕ ಬಂತು. ಇಂಥ ಪುಸ್ತಕದ ಪುಟದಲ್ಲಿ ನಾಲ್ಕಾರು ಸಾಲು ವಿವರಣೆ, ಕೆಳಗೊಂದು ಪ್ರಶ್ನೆ, ಬರೆಯಲು ಖಾಲಿ ಜಾಗ, ಆಮೇಲೆ ಉತ್ತರ. ದನ ಕಟ್ಟಿ, ಊಟ ಮುಗಿಸಿ ಕೂತವನಿಗೂ ಒಂದು ಪಾಠ ಆದೀತು. ವಾರಕ್ಕೊಮ್ಮೆ ಹತ್ತಿರದ ಕೇಂದ್ರದಲ್ಲಿ ಶಿಕ್ಷಕರೊಡನೆ ಚರ್ಚೆ.

ಪದ್ಧತಿ ಲ್ಯಾಟಿನ್ ಅಮೆರಿಕ ದಾಟಿ ಏಷ್ಯಾ, ಆಫ್ರಿಕಾಗಳಿಗೆ ಹಬ್ಬಿತು. 1971ರಲ್ಲಿ ಬೆಂಗಳೂರಿನಲ್ಲೇ ಇದೇ ಪದ್ಧತಿಯಲ್ಲಿ ಕಲಿಸುವ ಟ್ಯಾಫ್ಟಿ (TAFTEE) ಸಂಸ್ಥೆ ಹುಟ್ಟಿತು.

ಈಗ ಇಂಥ ಪಾಠಗಳೆಲ್ಲ ಮೊಬೈಲಿಗೆ ಇಳಿಯುತ್ತಿವೆ. ಖರ್ಚು ಉಳಿಯುತ್ತದೆ, ಸರಿ. ಆದರೆ ಹೊರಗಿನ ಮಿಷನ್ ಸಂಸ್ಥೆಗಳು ವಿಡಿಯೋ ಕಳಿಸಿ ಕೈತೊಳೆದುಕೊಳ್ಳುವುದು ಊರಿನ ಸಭೆಗಳೊಡನೆ ಪಾಲುದಾರಿಕೆಯಲ್ಲ. ಸಾವಿನ ಮನೆಯಲ್ಲಿ ಏನು ಮಾತಾಡಬೇಕು, ಸಭೆಯೊಳಗಿನ ಜಾತಿ ಜಗಳವನ್ನು ಹೇಗೆ ಬಿಡಿಸಬೇಕು ಎಂಬುದು ಎದುರುಬದುರು ಕೂತಾಗಲೇ ಬಗೆಹರಿಯುವ ವಿಷಯ. ಇನ್ನು ಪಠ್ಯ ಹೊರಗಿನವರದು, ಅನುವಾದವಷ್ಟೇ ನಮ್ಮದು ಎಂಬ ಏರ್ಪಾಡಂತೂ ಅರೆಬೆಂದ ಅಡುಗೆ.

ಮಿಷನ್ ಸಂಸ್ಥೆಗಳು ಹಣ ಕೊಡಲಿ. ಪುಸ್ತಕವನ್ನು ಊರಿನವರೇ ಬರೆಯಲಿ, ವಾರದ ಭೇಟಿಯನ್ನು ಮಾತ್ರ ಯಾರೂ ಕೈಬಿಡದಿರಲಿ.