ಬರಗಾಲವೂ ಮಾನವೂ

ಗದಗ-ಬೆಟಗೇರಿಯ ಓಣಿಗಳಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಟ್ಟೆಗಳ ಮೇಲಾಗಲಿ, ಬೆಂಗಳೂರಿನಿಂದ ಊರಿಗೆ ಬಂದ ತರುಣನನ್ನು ಹಿರಿಯರು ಅಕ್ಕರೆಯಿಂದ ಕೇಳುವ ಮಾತೊಂದುಂಟು: “ಯಾವಾಗ ಬಂದಿ ತಮ್ಮಾ, ಮತ್ತ ಯಾವಾಗ ಹೋಗಾಂವ?” ಕೇಳುವವರಲ್ಲಿ ವಾತ್ಸಲ್ಯವಲ್ಲದೆ ಬೇರೇನೂ ಇರುವುದಿಲ್ಲ, ಆದರೆ ಮರಳಿ ಹೋಗಲು ಕಚೇರಿಯೇ ಉಳಿಯದವನಿಗೆ ಆ ಪ್ರಶ್ನೆಯ ಉತ್ತರಾರ್ಧವು ದುಸ್ಸಹವಾಗಿ, ‘ಮನಿಯಿಂದನ ಕೆಲಸ ಐತ್ರಿ’ ಎಂಬ ಸುಳ್ಳನ್ನು ಆಶ್ರಯಿಸಿ, ಅವನು ಮಾಳಿಗೆಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಹಗಲನ್ನು ನೂಕುತ್ತಾನೆ. ಉದ್ಯೋಗ ಹೋದ ಕಷ್ಟಕ್ಕಿಂತ ಅದನ್ನು ಮರೆಮಾಚುವ ಕಷ್ಟವೇ ಅವನನ್ನು ಹೆಚ್ಚಾಗಿ ಸವೆಸುವುದು.

ಇಂಥವರು ಒಬ್ಬಿಬ್ಬರಲ್ಲ. 2023ರ ಜನವರಿ ಒಂದೇ ತಿಂಗಳಲ್ಲಿ ಗೂಗಲ್ 12,000 ಮಂದಿಯನ್ನೂ ಮೈಕ್ರೋಸಾಫ್ಟ್ 10,000 ಮಂದಿಯನ್ನೂ ಕೈಬಿಡುವುದಾಗಿ ಸಾರಿದವು. 2025ರ ಜುಲೈಯಲ್ಲಿ ನಮ್ಮ ದೇಶದ ಟಿಸಿಎಸ್ ತನ್ನ ನೌಕರವರ್ಗದಲ್ಲಿ ಸುಮಾರು ಶೇ. 2ರಷ್ಟನ್ನು, ಎಂದರೆ ಹನ್ನೆರಡು ಸಾವಿರಕ್ಕೆ ಮೇಲ್ಪಟ್ಟ ಜನರನ್ನು, ಕಡಮೆ ಮಾಡುವೆನೆಂದಿತು. ಸಾಂಕ್ರಾಮಿಕದ ಕಾಲದಲ್ಲಿ ಮಿತಿಮೀರಿ ಜನರನ್ನು ನೇಮಿಸಿಕೊಂಡದ್ದು, 2022ರಿಂದ ಅಮೆರಿಕದಲ್ಲಿ ಬಡ್ಡಿಯ ದರವೇರಿ ಅಗ್ಗದ ಹಣ ಬತ್ತಿದ್ದು, ಬಂಡವಾಳವು ಕೃತಕ ಬುದ್ಧಿಮತ್ತೆಯ ಕಡೆಗೆ ಹೊರಳಿದ್ದು – ಈ ಕಾರಣಗಳಲ್ಲಿ ಒಂದಾದರೂ ಮುಂಡರಗಿಯ ಹುಡುಗನ ಕೈಯೊಳಗಿನದಾಗಿರಲಿಲ್ಲ.

ನಮ್ಮದು ಮಳೆಯನ್ನು ನಂಬಿ ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುವ ಎರೆಯ ಸೀಮೆ. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಬರಿಗೈಯಾದ ಒಕ್ಕಲಿಗನನ್ನು ಅಯೋಗ್ಯನೆಂದು ಇಲ್ಲಿ ಯಾರೂ ಜರಿದದ್ದಿಲ್ಲ. ಏಕೆಂದರೆ ಅವನ ಹೊಲದ ಬದುವಿನಾಚೆಗೆ ನೆರೆಯವನ ಹೊಲವೂ ಒಣಗಿರುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ತಂತ್ರಜ್ಞಾನದ ಬರಕ್ಕಾದರೋ ಇಂಥ ಬಯಲಿಲ್ಲ. ಸಾವಿರಾರು ಜನರಿಗೆ ಒಂದೇ ದಿನ ಬರುವ ಆ ಮಿಂಚಂಚೆಯನ್ನು ಪ್ರತಿಯೊಬ್ಬನೂ ತನ್ನ ತನ್ನ ಕೋಣೆಯಲ್ಲಿ ಏಕಾಕಿಯಾಗಿ ಓದಿಕೊಳ್ಳಬೇಕಾಗಿರುವುದರಿಂದ, ಸಾಮೂಹಿಕವಾದ ವಿಪತ್ತು ಅವನಿಗೆ ತನ್ನ ಸ್ವಂತ ಅಪರಾಧದಂತೆ ತೋರುತ್ತದೆ.

ಆದರೆ ಮಾನ ಉಳಿದ ಮಾತ್ರಕ್ಕೆ ಹೊಟ್ಟೆ ತುಂಬದೆಂಬುದನ್ನೂ ಈ ಸೀಮೆ ಬಲ್ಲುದು. 1876-78ರ ಭೀಕರ ಕ್ಷಾಮವು ಅಂದಿನ ಧಾರವಾಡ ಜಿಲ್ಲೆಯನ್ನು ಹಿಂಡಿತ್ತು; ಬರ ಬಂದಾಗಲೆಲ್ಲ ಒಬ್ಬೊಬ್ಬನೇ ಸಾಹುಕಾರನ ಕಟ್ಟೆಯನ್ನೇರಿದ ರೈತನು ಮಳೆ ಮರಳಿದ ಮೇಲೂ ಸಾಲದಿಂದ ಮರಳಲಾರದೆ ಹೋಗುತ್ತಿದ್ದನು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವು ದೇಶದ ಮೊತ್ತಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಖ್ಯಾತಿವೆತ್ತಿದೆ. ಆ ಕಾಯಿದೆಯ ಮೇರೆಗೆ ಹತ್ತು ಜನ ಕೂಡಿದರೆ ಸಂಘವೊಂದನ್ನು ಕಟ್ಟಬಹುದಾಗಿತ್ತು. ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿಯೇ ಇರಲಿಲ್ಲ, ಎಂದರೆ ಒಬ್ಬನು ತೀರಿಸಲಾರದ ಸಾಲಕ್ಕೆ ಉಳಿದವರೆಲ್ಲರೂ ಬಾಧ್ಯರಾಗುತ್ತಿದ್ದರು. ಅಕ್ಷರಜ್ಞಾನವೇ ವಿರಳವಾಗಿದ್ದ ಹಳ್ಳಿಯ ಜನ ಪರಸ್ಪರರಲ್ಲಿ ಇಷ್ಟು ದೊಡ್ಡ ವಿಶ್ವಾಸವನ್ನು ಇಡಬಲ್ಲವರಾಗಿದ್ದರೆಂಬುದು ಅವರ ವಿದ್ಯಾವಂತ ಮರಿಮಕ್ಕಳು ಯೋಚಿಸತಕ್ಕ ಸಂಗತಿ.

ಬೆಂಗಳೂರಿನಲ್ಲಿರುವ ನಮ್ಮ ಸೀಮೆಯ ಹತ್ತು ಜನ ಎಂಜಿನಿಯರರು, ಸಂಬಳ ಬರುತ್ತಿರುವಾಗಲೇ ತಿಂಗಳಿಗಿಷ್ಟೆಂದು ಹಣ ಕೂಡಿಟ್ಟು, ಯಾರ ಕೆಲಸ ಹೋದರೂ ಅವರ ಕೋಣೆಯ ಬಾಡಿಗೆಯೂ ಸಾಲದ ಕಂತೂ ನಾಲ್ಕು ತಿಂಗಳು ನಿಲ್ಲದಂತೆ ನೋಡಿಕೊಂಡರೆ, ಯಾವ ಕಂಪನಿಯಲ್ಲಿ ಜಾಗ ತೆರವಾಗಿದೆಯೆಂಬ ಸುದ್ದಿಯನ್ನು ಹಂಚಿಕೊಂಡು, ಹಣ ಕೇಳಿ ನೌಕರಿ ಕೊಡಿಸುವೆನೆನ್ನುವ ದಲ್ಲಾಳಿಗಳಿಂದ ಕಿರಿಯರನ್ನು ಕಾದರೆ, ಅದೂ ಕಣಗಿನಹಾಳದ ಮುಂದುವರಿಕೆಯೇ ಆದೀತು. ಹಕ್ಕಿನ ಪ್ರಶ್ನೆ ಬಂದಾಗ ಕೇಳಲು 2017ರಲ್ಲಿ ಹುಟ್ಟಿದ ರಾಜ್ಯದ ಐ.ಟಿ. ನೌಕರರ ಸಂಘವೂ ಉಂಟು. ಇಂಥ ಹತ್ತು ಜನರ ಸಂಘವು ಮಳೆಯನ್ನು ಸುರಿಸಲಾರದು, ನಿಜ. ನೌಕರಿಗಳನ್ನು ಸೃಷ್ಟಿಸಲೂ ಅದಕ್ಕೆ ಶಕ್ತಿಯಿಲ್ಲ. ಆತುರದಲ್ಲಿ ಅರ್ಧ ಸಂಬಳಕ್ಕೆ ಒಪ್ಪಿಕೊಳ್ಳದೆ ಕಾಯುವಷ್ಟು ಅವಕಾಶವನ್ನು ಮಾತ್ರ ಅದು ಕೊಡಬಲ್ಲುದು, ಮತ್ತು ಕೆಟ್ಟ ಕಾಲದಲ್ಲಿ ಬೇಕಾಗುವುದು ಬಹುತೇಕ ಅಷ್ಟೇ.

ಇನ್ನು ‘ಹೊಸ ವಿದ್ಯೆ ಕಲಿಯಿರಿ’ ಎಂಬ ಉಪದೇಶವು ಎಲ್ಲ ಕಡೆಯಿಂದಲೂ ಧಾರಾಳವಾಗಿ ಬರುತ್ತಿದೆ. ಉಪದೇಶವೇನೋ ಸರಿಯೆ. ಆದರೆ ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಗದುಗಿನಲ್ಲಿ ನೆಲೆಗೊಳಿಸಿದ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದಲ್ಲಿ, ಕಣ್ಣಿಲ್ಲದ ಬಡಮಕ್ಕಳಿಗೆ ಸಂಗೀತ ಕಲಿಯಿರೆಂದು ಬರಿದೆ ಹೇಳಿ ಕಳುಹಿಸಲಿಲ್ಲ. ಉಣ್ಣಲು ಅನ್ನವನ್ನೂ ಇರಲು ನೆಲೆಯನ್ನೂ ಕೊಟ್ಟು, ರಾಗ ಕೈವಶವಾಗುವವರೆಗೆ ವರ್ಷಗಟ್ಟಲೆ ಇಟ್ಟುಕೊಂಡು ಕಲಿಸಿದರು. ಕಲಿಯುವಾಗ ಉಣಿಸುವವರಾರೆಂದು ಯೋಚಿಸದ ಬೋಧೆಯು, ಮೂವತ್ತೈದರ ಹರಯದ, ಇಬ್ಬರು ಮಕ್ಕಳ ತಂದೆಗೆ ಅವನ ಚಿಂತೆಯ ಮೇಲೆ ಇನ್ನೊಂದು ಚಿಂತೆಯನ್ನು ಹೇರುವುದಲ್ಲದೆ ಮತ್ತೇನನ್ನೂ ಮಾಡದು.

ಆದುದರಿಂದ ಕೆಲಸ ಹೋದ ವಾರದಲ್ಲೇ ಮನೆಯವರೊಡನೆ ಕುಳಿತು, ಕೈಯಲ್ಲಿರುವ ಹಣವೆಷ್ಟು, ತಪ್ಪದ ಖರ್ಚೆಷ್ಟು, ತಡೆಯಬಹುದಾದ ಖರ್ಚೆಷ್ಟು ಎಂಬ ಲೆಕ್ಕವನ್ನು ಬರೆದಿಡುವುದೇ ಮೊದಲ ವಿವೇಕ. ಕಂತಿನ ಭಯಕ್ಕೋ ದುಬಾರಿ ಕೋರ್ಸಿನ ಆಸೆಗೋ ಬಿದ್ದು ಹಿರಿಯರ ಹೊಲವನ್ನು ಮಾರದಿರುವುದು ಎರಡನೆಯದು. ಹಿರಿಯರ ಪಾಲಿನ ಕರ್ತವ್ಯವು ಇದಕ್ಕಿಂತ ಸುಲಭವಾದುದು: ಮಗನ ಸಂಬಳವನ್ನು ಊರಿಗೆಲ್ಲ ಹೇಳಿಕೊಂಡು ಹಿಗ್ಗಿದವರು, ಅವನ ಕಷ್ಟವನ್ನೂ ಅಷ್ಟೇ ಸಹಜವಾಗಿ ನಾಲ್ಕು ಜನರ ಮುಂದೆ ಹೇಳುವ ಧೈರ್ಯವನ್ನು ತಂದುಕೊಳ್ಳಬೇಕು. ತಂದೆಯು ತಗ್ಗಿದ ದನಿಯಲ್ಲಿ ಹೇಳುವುದನ್ನು ಮಗನು ಅವಮಾನವೆಂದೇ ತಿಳಿಯುವನು. ತಂದೆಯು ಮಳೆ-ಬೆಳೆಯ ಮಾತಿನಷ್ಟೇ ನೇರವಾಗಿ ಹೇಳಿದರೆ, ಅವನು ನಾಳೆ ತಾನೇ ಎದ್ದುಹೋಗಿ ಪರಿಚಿತರಲ್ಲಿ ಕೆಲಸ ಕೇಳಬಲ್ಲವನಾಗುವನು.