ಕೆಂಪು ದೀಪವನ್ನು ಕಿತ್ತೆಸೆದ ಕಥೆ



ಭಾರತ ಹುಣ್ಣಿಮೆಯ ಉಳವಿ ಜಾತ್ರೆಗೆ ಹೊರಡುವ ಚಕ್ಕಡಿಗಳ ಹಿಂದೆ ಈಚೆಗೆ ಮಲಗುವ ಹಲಗೆ, ಅಡುಗೆಯ ಒಲೆ ಅಳವಡಿಸಿದ ಹಳೆಯ ವ್ಯಾನುಗಳೂ ಸಾಗುತ್ತವೆ. 2023ರಲ್ಲಿ ಅಂತಹದೊಂದರಲ್ಲಿ ನಾನೂ ಕುಳಿತಿದ್ದೆನು. ಕಾಡಿನ ತಿರುವಿನಲ್ಲಿ ಕತ್ತಲಾದ ಮೇಲೆ ಮುಂದಿನ ದೀಪಗಳು ಮಂಕಾದವು. ನಿಲ್ಲಿಸಿದರೆ ಸೆಲ್ಫ್ ಎಳೆಯಲಿಲ್ಲ. ಒಳಗೆ ಎರಡು ಮಕ್ಕಳು, ಒಬ್ಬ ಅಜ್ಜಿ. ಹಲಗೆಯಡಿಯಲ್ಲಿ ಗ್ಯಾಸ್ ಸಿಲಿಂಡರ್. ಯಜಮಾನರು ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಿಸಿದ್ದರು. ಗಾಡಿ ಹೊರಡಿಸುವಾಗಲೆಲ್ಲ ಸುಟ್ಟ ವಾಸನೆ ಬರುತ್ತಿತ್ತೆಂದು ಅಜ್ಜಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮರುದಿನ ಬಂದ ಕುಶಲಕರ್ಮಿಯು ಚಾರ್ಜ್ ಆದ ಬ್ಯಾಟರಿ ಜೋಡಿಸಿ, ಮಲ್ಟಿಮೀಟರಿನ ಒಂದು ತುದಿಯನ್ನು ಅದರ ಋಣಧ್ರುವಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಇಟ್ಟು ಸೆಲ್ಫ್ ಹೊಡೆಯಿಸಿದನು. ಅರ್ಧ ವೋಲ್ಟಿನೊಳಗಿರಬೇಕಾದ ಅಂಕಿ 2 ವೋಲ್ಟನ್ನು ಮೀರಿತು. ಮಠದಲ್ಲಿ ವ್ಯಾಕರಣ ಕಲಿತ ನನಗೆ ಇದು ಹೊಸ ಪಾಠ. ವಾಹನದಲ್ಲಿ ವಿದ್ಯುತ್ತು ತಂತಿಯಲ್ಲಿ ಹೋಗಿ, ಗಾಡಿಯ ಒಡಲಿನ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಈ ಮರಳುದಾರಿಯನ್ನೇ ಅರ್ಥ್ ಎನ್ನುವರು. ಇಂಜಿನ್ನನ್ನೂ ಒಡಲನ್ನೂ ಕೂಡಿಸುವ ತಾಮ್ರದ ಜಡೆಪಟ್ಟಿ ಕಿಲುಬು ಹಿಡಿದು ಸವೆದಿತ್ತು. ದಾರಿ ಕಾಣದ ಪ್ರವಾಹವು ಎಕ್ಸಲರೇಟರ್ ಕೇಬಲಿನ ಮೂಲಕ ಹರಿದು, ಅದನ್ನು ಕಾಯಿಸುತ್ತಿತ್ತು. ಅಜ್ಜಿಯ ಮೂಗು ಸುಳ್ಳು ಹೇಳಿರಲಿಲ್ಲ.

ಇನ್ನೊಂದು ಸಂಗತಿ ಅದಕ್ಕಿಂತ ವಿಚಿತ್ರ. ಬ್ಯಾಟರಿಯ ಕೆಂಪು ದೀಪ ರಾತ್ರಿ ಮಂದವಾಗಿ ಹೊತ್ತಿಕೊಂಡಿರುತ್ತಿತ್ತೆಂದು ಮನೆಯ ತರುಣನು ಅದರ ಬಲ್ಬನ್ನೇ ಕಿತ್ತಿದ್ದನು! ಈ ದೀಪದ ಒಂದು ಬದಿಗೆ ಕೀಲಿಯಿಂದಲೂ ಇನ್ನೊಂದು ಬದಿಗೆ ಡೈನಮೋದಿಂದಲೂ ವಿದ್ಯುತ್ತು ಬರುತ್ತದೆ. ಎರಡೂ ಸಮವಾದಾಗ ಆರುತ್ತದೆ. ಮಂದವಾಗಿ ಉರಿದರೆ ಸಾಮಾನ್ಯವಾಗಿ ಜೋಡಣೆಯ ಕಿಲುಬೋ ಡೈನಮೋದೊಳಗಿನ ಡಯೋಡಿನ ದೋಷವೋ ಇರುತ್ತದೆ. ಹಳೆಯ ಮಾದರಿಗಳಲ್ಲಿ ಡೈನಮೋವನ್ನು ಎಚ್ಚರಿಸುವ ಮೊದಲ ಪ್ರವಾಹವು ಹರಿಯುವುದೂ ಈ ಬಲ್ಬಿನಿಂದಲೇ. ಆದುದರಿಂದ ಕೀಲಿ ತಿರುಗಿಸಿದಾಗ ಹೊತ್ತದ ದೀಪಕ್ಕೆ ಹೆಚ್ಚು ಅಂಜಬೇಕು.

ಕುಶಲಕರ್ಮಿಯು ಮೊದಲು ಬ್ಯಾಟರಿಯ ಋಣತಂತಿಯನ್ನು ಬಿಚ್ಚಿದನು. ಸಿಲಿಂಡರ್ ಇರುವ ಗಾಡಿಯಲ್ಲಿ ಒಂದು ಕಿಡಿಯೂ ಸಲ್ಲದು. ಜಡೆಪಟ್ಟಿ ಬದಲಿಸಿ, ಕೂಡುವೆಡೆಯ ಬಣ್ಣ, ತುಕ್ಕನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿದನು. ಡೈನಮೋದ ಕಿಲುಬು ಹಿಡಿದ ಜೋಡಣೆಗಳಿಗೂ ಅದೇ ಉಪಚಾರ. ಕೊನೆಗೆ ಬಲ್ಬು ಹಾಕಿದನು. ಕೀಲಿಗೆ ದೀಪ ಹೊತ್ತಿತು, ಇಂಜಿನ್ ಹೊರಟೊಡನೆ ಆರಿತು. ಬ್ಯಾಟರಿಯ ತುದಿಗಳಲ್ಲಿ ಮೀಟರ್ 14 ವೋಲ್ಟ್ ತೋರಿಸಿತು.

ಬ್ರೇಕ್ ತುಳಿದಾಗ ಇಂಡಿಕೇಟರ್ ಮಿಣುಕಿದರೂ ಹಿಂದಿನ ದೀಪದ ಅರ್ಥ್ ನೋಡಿರೆಂದು ಆತನ ಸಲಹೆ. ಎಣ್ಣೆಯ ಕೆಂಪು ದೀಪ ಹೊತ್ತಿದರೆ ಮಾತ್ರ ಮೀಟರ್ ಹುಡುಕುತ್ತ ಕೂಡ್ರದೆ, ಕೂಡಲೇ ಇಂಜಿನ್ ನಿಲ್ಲಿಸತಕ್ಕದ್ದು.

ಅಂದು ಕೊಂಡದ್ದು ಒಂದು ಜಡೆಪಟ್ಟಿ, ಒಂದು ಬಲ್ಬು. ಎರಡು ಬ್ಯಾಟರಿಗಳ ಮಾತನ್ನು ಯಜಮಾನರು ದಾರಿಯುದ್ದಕ್ಕೂ ಎತ್ತಲಿಲ್ಲ, ಅಜ್ಜಿ ಎತ್ತಿದರು.